ಬಲಗಡೆ ಎರಡು ಬೆರಳು ಜಾಸ್ತಿ

ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕೋ ಗಂಡಸು ಇನ್ನೂ ಹುಟ್ಟಿಲ್ಲ ಅಂತ ನಾನು ಅಂಗಡಿ ಬಾಗಿಲಲ್ಲಿ ನಿಂತು, ಎದುರುಗಡೆ ಸೈಕಲ್ ರಿಪೇರಿಯವನಿಗೂ ಕೇಳೋ ಹಾಗೆ ಹೇಳಿದ್ದು ಮಂಗಳವಾರ. ಗುರುವಾರ ಸಂಜೆ ಹೊತ್ತಿಗೆ ಆ ಮಾತನ್ನ ಹೇಗೆ ನುಂಗೋದು ಅಂತ ಯೋಚಿಸ್ತಾ ಕೂತಿದ್ದೆ. ಬಾಯಿ ಜೋರಿರೋರ ಹಣೆಬರಹವೇ ಇಷ್ಟು. ಆಡಿದ್ದನ್ನೆಲ್ಲ ಒಂದಲ್ಲ ಒಂದು ದಿನ ನಾವೇ ವಾಪಸ್ ನುಂಗಬೇಕು.

ನಾನು ದರ್ಜಿ. ನಮ್ಮಪ್ಪನ ಅಂಗಡಿ, ಅವರ ಕತ್ತರಿ, ಅವರ ಉದ್ದನೆ ಮೇಜು, ಮೂಗಿನ ತುದಿಯಲ್ಲಿರೋ ಅವರ ಕೋಪ, ಎಲ್ಲಾ ಸಾಲಾಗಿ ನನಗೇ ಬಂತು. ಅಪ್ಪ ಹೊಲೀತಿದ್ದದ್ದು ಕೋಟು. ಒಂದು ಕಾಲು ಗಿಡ್ಡ ಇರೋರು, ಗೂನು ಬೆನ್ನಿನೋರು, ಹೊಟ್ಟೆ ಒಂದೇ ಕಡೆ ಜಾರಿರೋರು, ಯಾರೇ ಬರಲಿ, ಕೋಟು ಹಾಕ್ಕೊಂಡು ಕನ್ನಡಿ ಮುಂದೆ ನಿಂತರೆ ಮಹಾರಾಜರ ಹಾಗೆ ಕಾಣಬೇಕು. ಅಳತೆ ತಗೊಳ್ಳುವಾಗಲೇ ಮೈಯ ಡೊಂಕು ಕಂಡುಹಿಡಿಯಬೇಕು, ಅದನ್ನ ಬಟ್ಟೆಯೊಳಗೆ ಮುಚ್ಚಬೇಕು, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ದರ್ಜಿಗೆ ಕಂಡದ್ದು ದರ್ಜಿ ಜೊತೆಗೇ ಸಾಯಬೇಕು ಅನ್ನೋರು ಅಪ್ಪ. ಮೊದಲೆರಡು ನನಗೆ ಚೆನ್ನಾಗಿ ಬಂತು. ಬಾಯಿ ಮುಚ್ಚಿಕೊಳ್ಳೋದು ಮಾತ್ರ ಬರಲಿಲ್ಲ.

ಊರಾಚೆ ಸಣ್ಣ ವಿಮಾನಗಳ ಮೈದಾನ ಇದೆ. ಅಲ್ಲಿಂದ ಎಂಟು ವರ್ಷದ ಹಿಂದೆ ಒಬ್ಬ ಬಂದ. ಬಾಗಿಲಲ್ಲಿ ನಿಂತರೆ ಅಂಗಡಿಗೆಲ್ಲ ಕತ್ತಲೆ, ಅಷ್ಟು ದೊಡ್ಡ ಆಳು. ಬೀರು ಅಂತಲೇ ಅವನನ್ನ ಕರೆಯೋದು, ಅವನಿಗೂ ಅದರಲ್ಲಿ ಬೇಜಾರಿಲ್ಲ. ಕೈಯಲ್ಲಿ ಹರಿದ ಅಂಗಿ-ಪ್ಯಾಂಟು ಒಂದೇ ಆಗಿರೋ ಸೂಟು. ವಿಮಾನದಿಂದ ಹಾರೋರ ಜಂಪ್‌ಸೂಟು.

"ಅಕ್ಕಾ, ಮೇಲಿಂದ ಬೀಳುವಾಗ ಎಲ್ಲರೂ ಒಂದೇ ವೇಗದಲ್ಲಿ ಬೀಳಲ್ಲ," ಅಂದ. "ನಾನು ಕಲ್ಲು, ಮಿಕ್ಕವರು ತರಗೆಲೆ. ಅವರು ಮೇಲೆ ಕೈ ಕೈ ಹಿಡ್ಕೊಂಡು ಆಡ್ತಿರ್ತಾರೆ, ನಾನು ಕೆಳಗಿಂದ ಅವರ ಬೂಟಿನ ತಳ ನೋಡ್ತಿರ್ತೀನಿ. ಏನಾದ್ರೂ ಮಾಡಿ."

ನನಗೆ ನಗು ತಡೆಯೋಕಾಗಲಿಲ್ಲ. ಆದರೆ ಕೆಲಸ ಹಿಡಿಸಿತು. ಅವನಿಗೆ ಒರಟು ಬಟ್ಟೆ ತಂದೆ, ಎದೆ ಹೊಟ್ಟೆ ತೊಡೆ ಎಲ್ಲಾ ದೊಗಳೆ ಬಿಟ್ಟೆ, ಮೊಣಕೈಯಿಂದ ಸೊಂಟದ ತನಕ ಕಂಕುಳ ಕೆಳಗೆ ಬಟ್ಟೆಯ ರೆಕ್ಕೆ ಕೊಟ್ಟೆ. ಗಾಳಿ ಅದರಲ್ಲಿ ತುಂಬಿ ಆಸಾಮಿ ನಿಧಾನವಾದ, ಗೆಳೆಯರ ಮಟ್ಟಕ್ಕೆ ಬಂದ. ಮಾರನೇ ವಾರ ಅವನು ಕರ್ಕೊಂಡು ಬಂದದ್ದು ಒಬ್ಬಳು ಕಡ್ಡಿಯಂಥ ಹುಡುಗೀನ. ಅವಳು ಕೆಳಗೇ ಇಳಿಯಲ್ಲವಂತೆ, ಮೇಲೇ ತೇಲ್ತಿರ್ತಾಳಂತೆ! ಅವಳಿಗೆ ಜಾರೋ ಬಟ್ಟೆ, ಮೈಗೆ ಅಂಟೋ ಹಾಗೆ. ಹೀಗೆ ಒಬ್ಬೊಬ್ಬರಾಗಿ ಬಂದರು, ನಾನೂ ಕಲಿತೆ. ಮೊಣಕಾಲಿನ ಕೆಳಗಿಂದ ಬೂಟಿನ ಮೂತಿವರೆಗೆ ಬಿಗಿಯಾಗಿ ಬಟ್ಟೆ ಎಳೆದು ಹೊಲಿದರೆ, ಕಾಲು ಚಾಚಿದ ಕೂಡಲೇ ಗಾಳಿ ಅದಕ್ಕೆ ಬಡಿದು ಆಳನ್ನ ಮುಂದಕ್ಕೆ ತಳ್ಳುತ್ತೆ. ತೋಳಿಗೂ ತೊಡೆಗೂ ಫೋಮ್ ತುಂಬಿದ, ಲಟ್ಟಣಿಗೆ ಗಾತ್ರದ ಹಿಡಿಕೆ ಹೊಲಿದರೆ ಜೊತೆಯವರು ಬಂದು ಅದನ್ನ ಹಿಡ್ಕೋತಾರೆ. ನೆಲದ ಮೇಲೆ ಬಟ್ಟೆ ಮಾನ ಕಾಯುತ್ತೆ. ಅಲ್ಲಿ ಮೇಲೆ ಅದೇ ಬಟ್ಟೆ ಬ್ರೇಕು, ಅದೇ ಸ್ಟೀರಿಂಗು. ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಘನಕಾರ್ಯ ಕೇಳಿ.

ಗುಂಡಿ ನಮ್ಮಣ್ಣನ ಮಗಳು. ಎರಡು ವರ್ಷದವಳಿದ್ದಾಗ ನನ್ನ ಡಬ್ಬಿಯಿಂದ ಕೋಟಿನ ಗುಂಡಿ ಒಂದನ್ನ ನುಂಗಿ ಮೂರು ದಿನ ಎಲ್ಲರ ಜೀವ ತಿಂದಳು, ಆ ಹೆಸರೇ ನಿಂತಿತು. ಅಣ್ಣ ಅತ್ತಿಗೆಗೆ ಬೇಕರಿ, ಬೆಳಕು ಹರಿಯೋಕೆ ಮುಂಚೆ ಒಲೆ ಮುಂದೆ. ಹಾಗಾಗಿ ಮಗು ಬೆಳೆದದ್ದು ನನ್ನ ಅಂಗಡಿಯಲ್ಲಿ, ಬಟ್ಟೆ ತುಂಡುಗಳ ಮಧ್ಯೆ. ನನಗೆ ಮದುವೆ ಮಕ್ಕಳು ಅಂತ ಏನೂ ಆಗಲಿಲ್ಲ, ಬೇಕು ಅನಿಸಲೂ ಇಲ್ಲ. ಇವಳೊಬ್ಬಳೇ ಹತ್ತು ಮಕ್ಕಳ ಕಾಟ ಕೊಡ್ತಿದ್ದಳು. ಈಗ ಇಪ್ಪತ್ತೇಳು. ವಾರವೆಲ್ಲ ಲಿಫ್ಟ್ ರಿಪೇರಿ ಕೆಲಸ, ಭಾನುವಾರ ಬಂದರೆ ವಿಮಾನದಿಂದ ಹಾರೋದು. ವಾರಪೂರ್ತಿ ಜನರನ್ನ ಬೀಳದ ಹಾಗೆ ನೋಡ್ಕೊಳ್ತೀಯ, ರಜಾ ದಿನ ನೀನೇ ಬೀಳ್ತೀಯಲ್ಲೇ ಅಂತ ನಾನು ರೇಗಿಸೋದು.

ಈ ವರ್ಷ ಅವಳಿಗೆ ನಾಲ್ಕು ಜನರ ತಂಡದಲ್ಲಿ ಜಾಗ ಸಿಕ್ಕಿತು. ಬೀರು, ಕಡ್ಡಿ, ಇನ್ನೊಬ್ಬ ಮೇಷ್ಟ್ರು, ಇವಳು. ಮುಂದಿನ ತಿಂಗಳು ದೊಡ್ಡ ಸ್ಪರ್ಧೆ, ಬೀಳ್ತಾ ಬೀಳ್ತಾನೇ ಒಬ್ಬರನ್ನೊಬ್ಬರು ಹಿಡಿದು ಯಾವ ತಂಡ ಜಾಸ್ತಿ ಆಕಾರ ಕಟ್ಟುತ್ತೋ ಅದು ಗೆದ್ದ ಹಾಗೆ. ಖುಷಿಗೆ ನಾನೇ ಹೊಸ ಸೂಟು ಹೊಲಿದು ಕೊಟ್ಟೆ, ಕಡುನೀಲಿ, ಪಕ್ಕಕ್ಕೆ ಹಳದಿ ಪಟ್ಟಿ. ಅವಳ ಹಳೇ ಸೂಟು ಯಾರೋ ಹಾಕಿ ಬಿಟ್ಟದ್ದು, ಸೆಕೆಂಡ್ ಹ್ಯಾಂಡ್. ಅದನ್ನ ನೋಡಿದರೇ ನನಗೆ ಮೈ ಉರೀತಿತ್ತು. ಹೊಸದರ ಅಳತೆಗೆ ಅಂತ ಅದನ್ನ ತುಂಡು ತುಂಡಾಗಿ ಬಿಚ್ಚಿ, ಕೆಲಸ ಮುಗಿದ ಮೇಲೆ ಮೆಷಿನ್ ಒರೆಸೋಕೆ ಇಟ್ಕೊಂಡೆ. ಹೊಸದು ಹಾಕ್ಕೊಂಡು ಅವಳು ಕನ್ನಡಿ ಮುಂದೆ ನಿಂತಾಗ, ಅಬ್ಬಾ, ನನ್ನ ದೃಷ್ಟಿಯೇ ತಾಕೋ ಹಾಗಿತ್ತು.

ಮಂಗಳವಾರ ಅವಳು ಅದೇ ಸೂಟನ್ನ ಚೀಲದಲ್ಲಿ ಮುದುರಿಕೊಂಡು ಬಂದಳು. ಮುಖ ಊದಿತ್ತು.

"ಅತ್ತೆ, ನಾನು ತಿರುಗ್ತಿದ್ದೀನಿ."

"ಎಲ್ಲಿ ತಿರುಗ್ತಿದ್ದೀಯ? ಯಾರ ಜೊತೆ?"

"ತಮಾಷೆ ಬೇಡ. ಮೇಲೆ. ಸುಮ್ಮನೆ ಮಲಗಿದ ಹಾಗೆ ಬೀಳ್ತಿದ್ರೂ ಮೈ ತಾನಾಗೇ ಎಡಕ್ಕೆ ತಿರುಗುತ್ತೆ. ಬೀರು ಅಣ್ಣ ನನ್ನ ತೋಳಿನ ಹಿಡಿಕೆಗೆ ಕೈ ಹಾಕಿದರೆ ಅಲ್ಲಿ ನನ್ನ ಕಾಲಿರುತ್ತೆ. ಭಾನುವಾರ ಮೂರು ಸಲ ಹಾರಿದೆ, ಮೂರು ಸಲಾನೂ ಹಾಗೇ. ಶನಿವಾರ ಕೊನೇ ಪರೀಕ್ಷೆಯಂತೆ. ಅವತ್ತೂ ತಿರುಗಿದರೆ ನನ್ನ ಬದಲು, ಬದಲಿಗೆ ಅಂತಲೇ ಇಟ್ಕೊಂಡಿರೋ ಐದನೆಯವಳನ್ನ ಹಾಕ್ತಾರೆ." ಆಮೇಲೆ ಮೆಲ್ಲಗೆ ಸೇರಿಸಿದಳು, "ಸೂಟಲ್ಲಿ ಏನಾದ್ರೂ ಇರಬಹುದಾ ಅಂತ ಕೋಚ್ ಕೇಳಿದರು."

ಆಗಲೇ ನಾನು ಬಾಗಿಲಿಗೆ ಹೋಗಿ ಆ ಮಾತು ಹೇಳಿದ್ದು. ಸೈಕಲ್ ರಿಪೇರಿಯವನು ಪಂಪು ಹೊಡೆಯೋದು ನಿಲ್ಲಿಸಿ ನೋಡಿದ.

ಬುಧವಾರ ಅಂಗಡಿಗೆ ಬೀಗ ಹಾಕಿ ನೇರ ಮೈದಾನಕ್ಕೆ ಹೋದೆ. ವಿಮಾನ ನಿಲ್ಲಿಸೋ ದೊಡ್ಡ ತಗಡಿನ ಕೊಟ್ಟಿಗೆ. ನಾಲ್ಕೂ ಜನ ಚಕ್ರ ಇರೋ ಹಲಗೆಗಳ ಮೇಲೆ ಬೋರಲು ಮಲಗಿ ಸಿಮೆಂಟು ನೆಲದ ಮೇಲೆ ಉರುಳಾಡ್ತಾ, ಮೇಲೆ ಮಾಡಬೇಕಾದ್ದನ್ನ ಕೆಳಗೆ ಅಭ್ಯಾಸ ಮಾಡ್ತಿದ್ದರು. ಕೋಚ್ ಈ ವರ್ಷವಷ್ಟೇ ಬಂದಿರೋ ಹೊಸಬ. ತೆಳ್ಳಗೆ, ಶಾಂತವಾಗಿ, ಜಗಳಕ್ಕೇ ಸಿಗದಂಥ ಮನುಷ್ಯ. ಅಂಥವರನ್ನ ಕಂಡರೆ ನನಗೆ ಇನ್ನೂ ಕೋಪ.

"ಏನ್ರೀ, ನನ್ನ ಸೂಟಿನ ಮೇಲೆ ದೂರಂತೆ?"

"ದೂರಲ್ಲ ಮೇಡಂ, ಅನುಮಾನ. ಬನ್ನಿ, ನೋಡಿ," ಅಂತ ಲ್ಯಾಪ್‌ಟಾಪ್ ತಿರುಗಿಸಿದ.

ಇವರ ಜೊತೆ ಒಬ್ಬ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಕೊಂಡು ಹಾರ್ತಾನೆ. ಅವನು ಮೇಲಿಂದ ತೆಗೆದ ವಿಡಿಯೋ. ನಾಲ್ಕು ಜನ ಬೋರಲು, ಕೈ ಅಗಲಿಸಿ, ಮೊಣಕಾಲು ಮಡಿಸಿ ಬೀಳ್ತಿದ್ದಾರೆ. ನಮ್ಮ ಗುಂಡಿ ನಿಧಾನವಾಗಿ, ಗಡಿಯಾರದ ಮುಳ್ಳು ಹಿಂದಕ್ಕೆ ಹೋದ ಹಾಗೆ, ಎಡಕ್ಕೆ ತಿರುಗ್ತಿದ್ದಾಳೆ. ಸರಿ ಮಾಡ್ಕೊಳ್ತಾಳೆ, ಮತ್ತೆ ತಿರುಗ್ತಾಳೆ. ನನ್ನ ಕಣ್ಣು ಹೋದದ್ದು ಅವಳ ಮುಖಕ್ಕಲ್ಲ, ಬಟ್ಟೆಗೆ. ಎಡಗಡೆ ಕಂಕುಳಿಂದ ಸೊಂಟದವರೆಗೆ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಬಲಗಡೆ ಅದೇ ಜಾಗದಲ್ಲಿ ದಿಂಬಿನ ಹಾಗೆ ಉಬ್ಬಿತ್ತು.

ಒಂದೇ ಕ್ಷಣಕ್ಕೆ ಗೊತ್ತಾಗಿಹೋಯಿತು. ಯಾಕೆ ಗೊತ್ತಾಗಲ್ಲ, ಅಲ್ಲಿ ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟವಳು ನಾನೇ!

"ಬಲಭುಜದ ಹತ್ತಿರ ಏನೋ ಇದೆ ಅನ್ನಿಸುತ್ತೆ," ಅಂದ ಕೋಚ್. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಿಜವಾಗಿಯೂ ನನ್ನ ಕೈ ನನ್ನ ಹೆಗಲಿಗೆ ಹೋಯಿತು.

ಆಗ ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕಾದರೆ ಆ ಎರಡು ಬೆರಳು ಯಾಕೆ ಬಿಟ್ಟೆ ಅಂತಲೂ ಹೇಳಬೇಕಿತ್ತು, ಅದನ್ನ ನಾನು ಇಪ್ಪತ್ತೊಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಟ್ಟೆ ಸರಿಯಾಗೇ ಇದೆ. ನೀವು ಹುಡುಗಿಗೆ ನೆಟ್ಟಗೆ ಬೀಳೋದು ಕಲಿಸಿ."

ಅಂದು ತಿರುಗಿದರೆ ಗುಂಡಿ ಹಲಗೆ ಮೇಲೆ ಬೋರಲು ಮಲಗಿದ್ದವಳು ಕತ್ತೆತ್ತಿ ನನ್ನನ್ನೇ ನೋಡ್ತಿದ್ದಳು. ಬಸ್ಸಿನಲ್ಲಿ ಮನೆಗೆ ಬರ್ತಾ ದಾರಿಯುದ್ದಕ್ಕೂ ನನ್ನನ್ನ ನಾನೇ ಬೈಕೊಂಡೆ, ಎರಡು ಸ್ಟಾಪು ಮುಂದೆ ಹೋಗಿ ಇಳಿದೆ.

ಗುರುವಾರ ಸಂಜೆ ಅವಳು ಕೆಲಸ ಮುಗಿಸಿ ಅಂಗಡಿಗೆ ಬಂದಳು. ನನ್ನ ಜೊತೆ ಮಾತಿಲ್ಲ. ಕತ್ತರಿಸೋ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ, ಹತ್ತಿ ಬೋರಲು ಮಲಗಿದಳು. ಕೈ ಅಗಲಿಸಿದಳು, ಕಾಲು ಮಡಿಸಿದಳು, ಎದುರಿನ ಕನ್ನಡಿಯಲ್ಲಿ ನೋಡ್ಕೊಳ್ತಾ ಭುಜ ಎತ್ತೋದು ಇಳಿಸೋದು. ಹತ್ತು ನಿಮಿಷ, ಹದಿನೈದು ನಿಮಿಷ. ನಾನು ಒಂದು ಕಾಲರನ್ನ ಹೊಲಿಯೋದು, ತಪ್ಪಿ ಬಿಚ್ಚೋದು, ಮತ್ತೆ ಹೊಲಿಯೋದು. ಆಮೇಲೆ ನೋಡ್ತೀನಿ, ಹುಡುಗಿ ಮೇಜಿಗೆ ಹಣೆ ಹಚ್ಚಿ ಅಳ್ತಿದ್ದಾಳೆ.

"ನನ್ನ ಮೈ ನನ್ನ ಮಾತೇ ಕೇಳ್ತಿಲ್ಲ ಅತ್ತೆ. ಮೂರು ವರ್ಷ ಕಲಿತದ್ದೆಲ್ಲ ಎಲ್ಲಿಗೆ ಹೋಯ್ತು? ನೀನು ಹೇಳಿದ್ದೇ ಸರಿ. ನನಗೆ ಬರಲ್ಲ."

ಮೆಷಿನ್ನಿಂದ ಎದ್ದೆ.

"ಮೈ ಅಲ್ಲ ಕಣೇ. ನಾನು."

ಸೂಟನ್ನ ತಂದು ಅವಳ ಮುಂದೆಯೇ ಒಳಮೈ ಹೊರಗೆ ತಿರುಗಿಸಿದೆ. ಬಲಭುಜದಲ್ಲಿ ಎರಡು ಪದರದ ಪ್ಯಾಡು. ಎಡಗಡೆ ಏನೂ ಇಲ್ಲ. ಇಂಚುಟೇಪು ಹಿಡಿದು ತೋರಿಸಿದೆ, ಬಲಗಡೆ ಕಂಕುಳಿಂದ ಸೊಂಟದವರೆಗೆ ಎರಡು ಬೆರಳು ಅಗಲ ಜಾಸ್ತಿ. "ನಿನ್ನ ಬಲಭುಜ ಇಳಿಜಾರು. ನಿಂತಾಗ ಸಮವಾಗಿ ಕಾಣಲಿ ಅಂತ ಹೀಗೆ ಕತ್ತರಿಸಿದ್ದು. ಮೇಲೆ ಹೋದರೆ ಇದರೊಳಗೆ ಗಾಳಿ ತುಂಬಿ ನಿನ್ನ ಬಲಗಡೆಯನ್ನ ಎತ್ತಿಹಾಕ್ತಿದೆ, ಅದಕ್ಕೇ ಎಡಕ್ಕೆ ತಿರುಗ್ತೀಯ. ನಿನ್ನೆ ವಿಡಿಯೋದಲ್ಲಿ ನೋಡಿದ ಕೂಡಲೇ ಗೊತ್ತಾಯ್ತು. ಗೊತ್ತಾಗಿಯೂ ಆ ಮಾತು ಆಡಿದೆ. ನನ್ನ ನಾಲಿಗೆಗೆ ಹುಳ ಬೀಳ!"

ಅವಳು ಎದ್ದು ಕೂತು ಪ್ಯಾಡನ್ನ ಮುಟ್ಟಿ ನೋಡಿದಳು. "ನನ್ನ ಬೇರೆ ಬಟ್ಟೆಯಲ್ಲೂ ಇದೆಯಾ?"

"ಎಲ್ಲದರಲ್ಲೂ. ಶಾಲೆ ಯೂನಿಫಾರಂನಿಂದ ಹಿಡಿದು."

"ಎಲ್ಲದರಲ್ಲೂ!"

"ಇನ್ನೇನು ಮಾಡಲಿ? ಆರು ವರ್ಷದ ಕೂಸು ನೀನು. ಇದೇ ಮೇಜಿನ ಮೇಲೆ ಕೂರಿಸಿದ್ದೆ. ಗಿರಾಕಿ ಬಂದರು ಅಂತ ಬೆನ್ನು ತಿರುಗಿಸಿದೆ, ದಡಾರ್ ಅಂತ ಬಿದ್ದೆ. ಹೆಗಲೆಲುಬು ಮುರೀತು, ವಕ್ರವಾಗಿ ಕೂಡಿಕೊಂಡಿತು. ನಿಮ್ಮಪ್ಪ ಅಮ್ಮ ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನನ್ನಿಂದ ಆದ ಡೊಂಕು, ನಾನೇ ಮುಚ್ಚಬೇಕು ಅಂತ ಹೊಲೀತಾ ಬಂದೆ. ಅಷ್ಟೇ."

ಅವಳು ಸೂಟನ್ನ ನನ್ನ ಕಡೆಗೆ ತಳ್ಳಿದಳು. ಮುಖದಲ್ಲಿ ಕೋಪವೇ ಕೋಪ. "ಮೂರು ದಿನ ನನ್ನ ಮೈಯನ್ನ ನಾನು ಬೈಕೊಂಡೆ ಅತ್ತೆ! ಕೋಚ್ ಮುಂದೆ ನೀನೂ ಬೈದೆ!"

"ಬೈದೆ. ತಪ್ಪಾಯ್ತು. ಈಗ ನೀನು ಬೈ."

"ಬೈತೀನಿ, ಶನಿವಾರ ಮುಗೀಲಿ," ಅಂದಳು. ಮೂಗು ಒರೆಸಿಕೊಂಡು ಮತ್ತೆ ಮೇಜಿನ ಮೇಲೆ ಬೋರಲು ಮಲಗಿದಳು. "ಇಲ್ನೋಡು. ಹಾರೋಕೆ ಶುರು ಮಾಡಿದಾಗ ನಾನು ಬಲಕ್ಕೆ ತಿರುಗ್ತಿದ್ದೆ, ಈ ಭುಜದಿಂದಾನೇ. ಮೂವತ್ತು ನಲವತ್ತು ಸಲ ಹಾರಿ ಹಾರಿ ಒಂದು ಉಪಾಯ ಸಿಕ್ಕಿತು. ಎಡಗೈಯನ್ನ ಒಂದು ಬೆರಳಷ್ಟು ಕೆಳಗೆ ಒತ್ತಿ ಹಿಡೀತೀನಿ. ನೆಟ್ಟಗಾಗುತ್ತೆ. ಈಗ ಅದು ಅಭ್ಯಾಸವಾಗಿ ಹೋಗಿದೆ, ಒತ್ತುತ್ತಿದ್ದೀನಿ ಅನ್ನೋದೂ ನೆನಪಿರಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿರಲಿಲ್ಲ."

ನಾನು ಸ್ಟೂಲು ಎಳೆದು ಅವಳ ಪಕ್ಕ ಕೂತೆ. ಅವಳ ಮೈ ತನ್ನ ಡೊಂಕಿಗೆ ತಾನೇ ದಾರಿ ಮಾಡ್ಕೊಂಡು ಆಗಿತ್ತು. ಅದರ ಮೇಲೆ ನಾನು ಹೋಗಿ ಇನ್ನೊಂದು ಸಲ ಸರಿ ಮಾಡಿದ್ದೆ. ಸರಿ ಇದ್ದದ್ದನ್ನ ಸರಿ ಮಾಡಿದರೆ ಕೆಡದೆ ಏನಾಗುತ್ತೆ?

"ಈ ಸೂಟಿಗೆ ಮೈ ಒಗ್ಗಿಸ್ಕೊಳ್ಳೋಕಾಗಲ್ವೇನೇ?"

"ಐವತ್ತು ಸಲ ಹಾರಿದರೆ ಆಗುತ್ತೆ. ಶನಿವಾರ ನಾಡಿದ್ದು."

ಶುಕ್ರವಾರ ಅವಳು ರಜಾ ಹಾಕಿದಳು. ಇಬ್ಬರೂ ಕೂತು ಬಿಚ್ಚಿದೆವು. ಈ ಬಟ್ಟೆಯ ಹೊಲಿಗೆ ಬಿಚ್ಚೋದು ಅಂದ್ರೆ ತಮಾಷೆಯಲ್ಲ, ಗಾಳಿಯ ಹೊಡೆತಕ್ಕೆ ತಡೀಲಿ ಅಂತ ಮೂರು ಸಾಲು ಹಾಕಿರ್ತೀನಿ. ಬ್ಲೇಡು ಹಿಡಿದು ಒಂದೊಂದೇ ಎಳೆ ಕಿತ್ತು, ಪ್ಯಾಡು ತೆಗೆದು, ಬಲಗಡೆಯ ತುಂಡನ್ನ ಎಡಗಡೆಯದರ ಮೇಲೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ಹಿಡಿದು ಕತ್ತರಿ ಹಾಕಿದೆ. ಎರಡು ಬೆರಳು ಅಗಲದ ಉದ್ದನೆ ಪಟ್ಟಿ ನೆಲಕ್ಕೆ ಬಿತ್ತು. ಮತ್ತೆ ಮೂರು ಸಾಲು ಹೊಲಿಗೆ, ಹಿಡಿಕೆ ವಾಪಸ್ ಕೂರಿಸೋದು, ಜಿಪ್ಪು. ಮಧ್ಯೆ ಮಧ್ಯೆ ಅವಳು ಬ್ರೆಡ್ಡು ಚಹಾ ತಂದುಕೊಟ್ಟಳು, ಇನ್ನೂ ಸ್ವಲ್ಪ ಮುನಿಸಿನಲ್ಲೇ. ಸಂಜೆಗೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತಳು. ಬಲಭುಜ ಸ್ಪಷ್ಟವಾಗಿ ಕೆಳಗೆ ಕಾಣ್ತಿತ್ತು. ಇಡೀ ಜನ್ಮದಲ್ಲಿ ನಾನು ಹೊಲಿದದ್ದರಲ್ಲಿ ಕೆಟ್ಟದಾಗಿ ಕೂತ ಬಟ್ಟೆ ಅದು. ಅಪ್ಪ ನೋಡಿದ್ದರೆ ಇಂಚುಟೇಪಿನಲ್ಲೇ ಬಾರಿಸಿರೋರು.

"ಹೇಗಿದೆ ಅತ್ತೆ?"

"ದರಿದ್ರವಾಗಿದೆ," ಅಂದೆ. ಎರಡು ದಿನದಲ್ಲಿ ಮೊದಲ ಸಲ ಅವಳು ನಕ್ಕಳು.

ಶನಿವಾರ ಬೆಳಿಗ್ಗೆ ಗಾಳಿ ಕಮ್ಮಿ, ಆಕಾಶ ತೊಳೆದಿಟ್ಟ ಹಾಗಿತ್ತು. ವಿಮಾನ ಮೇಲೇರೋಕೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ನಾನು ಮೈದಾನದ ಬೇಲಿಯನ್ನ ಎಷ್ಟು ಸಲ ಸುತ್ತಿದೆನೋ. ಐದನೆಯವಳು ಬೆಂಚಿನ ಮೇಲೆ ಸೂಟು ಹಾಕ್ಕೊಂಡು ಸಿದ್ಧವಾಗಿ ಕೂತಿದ್ದಳು. ಒಳ್ಳೇ ಹುಡುಗಿ, ಅವಳ ಸೂಟೂ ನಾನು ಹೊಲಿದದ್ದೇ. ಆದರೂ ಅವತ್ತು ಅವಳನ್ನ ಕಂಡರೆ ಆಗಲಿಲ್ಲ. ಮೇಲೆ ಐದು ಚುಕ್ಕೆ ಕಂಡವು. ಯಾವುದು ನಮ್ಮದೋ, ತಿರುಗ್ತಿದೆಯೋ ಇಲ್ಲವೋ, ಒಂದೂ ತಿಳಿಯಲ್ಲ. ಆಮೇಲೆ ಪಟಪಟ ಅಂತ ಬಣ್ಣದ ಪ್ಯಾರಾಶೂಟುಗಳು ಬಿಚ್ಚಿಕೊಂಡವು. ಎಣಿಸಿದೆ, ಐದೂ ಇದ್ದವು, ಹೋದ ಜೀವ ಬಂತು.

ಇಳಿದವರೆಲ್ಲ ತಗಡಿನ ಕೊಟ್ಟಿಗೆಗೆ ಬಂದು ಲ್ಯಾಪ್‌ಟಾಪ್ ಮುಂದೆ ಗುಂಪು ಕಟ್ಟಿದರು. ಗುಂಡಿ ನನ್ನ ಕಡೆ ನೋಡಲೇ ಇಲ್ಲ. ಕೋಚ್ ವಿಡಿಯೋ ಹಾಕಿದ. ಹೊರಗೆ ಹಾರಿದರು, ಕೂಡಿದರು, ಬಿಟ್ಟರು, ಇನ್ನೊಂದು ಆಕಾರ. ನಾನು ನೋಡ್ತಿದ್ದದ್ದು ನೀಲಿ ಸೂಟೊಂದನ್ನೇ. ಎರಡೂ ಕಡೆ ಬಟ್ಟೆ ಒಂದೇ ಸಮ ಅಂಟಿಕೊಂಡಿತ್ತು. ಎಡಗೈ ಒಂದೇ ಒಂದು ಬೆರಳಷ್ಟು ಕೆಳಗೆ. ಹುಡುಗಿ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿದ್ದಳು. ಬೀರುವಿನ ಕೈ ಹೋದಲ್ಲೆಲ್ಲ ಅವಳ ತೋಳಿನ ಹಿಡಿಕೆ ಇತ್ತು. ಮೂವತ್ತೈದು ಸೆಕೆಂಡಿಗೆ ಹದಿನಾಲ್ಕು ಆಕಾರ.

ಕೋಚ್ ಪೆನ್ನು ಕೆಳಗಿಟ್ಟ. "ತಂಡ ಹೀಗೇ ಇರುತ್ತೆ," ಅಂದ. ಬೀರು ಕಿರುಚಿದ ಶಬ್ದಕ್ಕೆ ತಗಡೆಲ್ಲ ಅದುರಿತು. ಐದನೆಯವಳೂ ಬಂದು ಗುಂಡಿಯನ್ನ ತಬ್ಬಿಕೊಂಡಳು, ನನಗೆ ನಾಚಿಕೆಯಾಯಿತು.

"ಎರಡು ದಿನದಲ್ಲಿ ಏನು ಮಾಡಿದಿರಿ?" ಅಂತ ಕೋಚ್ ಗುಂಡಿಯನ್ನ ಕೇಳಿದ. ಅವಳು ಬಾಯಿ ತೆರೆಯೋಕೆ ಮುಂಚೆ ನಾನು ಮುಂದೆ ಹೋದೆ. ಬುಧವಾರ ಎಲ್ಲರ ಮುಂದೆ ಅವಳನ್ನ ಅಂದಿದ್ದೆ, ಎಲ್ಲರ ಮುಂದೆಯೇ ಅದನ್ನ ತೊಳೀಬೇಕಿತ್ತು.

"ಅವಳೇನೂ ಮಾಡಿಲ್ಲ. ತಪ್ಪು ನನ್ನ ಹೊಲಿಗೆಯದು," ಅಂದೆ. ಎರಡು ಬೆರಳಿನ ಕಥೆ ಹೇಳಿದೆ, ಪ್ಯಾಡಿನ ಕಥೆ ಹೇಳಿದೆ. ಶುರು ಮಾಡಿದ ಮೇಲೆ ನಿಲ್ಲಿಸೋಕಾಗಲಿಲ್ಲ, ಒಳಗಿದ್ದದ್ದೂ ಬಂದುಬಿಟ್ಟಿತು. "ಆ ಭುಜ ಹಾಗಾದದ್ದೂ ನನ್ನಿಂದಲೇ. ಆರು ವರ್ಷದ ಮಗು, ನನ್ನ ಮೇಜಿನ ಮೇಲಿಂದ ಬಿತ್ತು. ನಾನು ನೋಡ್ಕೊಳ್ಳಲಿಲ್ಲ, ಬೀಳೋಕೆ ಬಿಟ್ಟೆ."

ಗುಂಡಿ ಹೆಲ್ಮೆಟ್ಟನ್ನ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು, ಬೂಟು ನೋಡಿಕೊಂಡಳು. ಮುಖ ಕೆಂಪಗಾಗಿತ್ತು.

"ಬಿದ್ದದ್ದಲ್ಲ ಅತ್ತೆ," ಅಂದಳು. "ಹಾರಿದ್ದು."

"ಏನು?"

"ನಿನ್ನ ಕೆಂಪು ಲೈನಿಂಗ್ ಬಟ್ಟೆ ಕುತ್ತಿಗೆಗೆ ಕಟ್ಕೊಂಡು ಹಾರಿದ್ದು. ನೀನು ಬೆನ್ನು ತಿರುಗಿಸಲಿ ಅಂತಲೇ ಕಾಯ್ತಿದ್ದೆ. ನಿಜ ಹೇಳಿದರೆ ಇನ್ನೊಂದು ಸಲ ಮೇಜು ಹತ್ತೋಕೆ ಬಿಡಲ್ಲ ಅಂತ ಬಿದ್ದೆ ಅಂದೆ. ಆಮೇಲೆ ನೀನು ದಿನಾ ನನ್ನನ್ನ ಎತ್ತಿಕೊಂಡೇ ತಿರುಗ್ತಿದ್ದೆ, ಕೇಳಿದ್ದೆಲ್ಲ ಕೊಡ್ತಿದ್ದೆ. ಹೇಳೋಕೆ ಮನಸ್ಸೇ ಬರಲಿಲ್ಲ. ದೊಡ್ಡವಳಾದ ಮೇಲೆ ನೀನು ಮರೆತಿರ್ತೀಯ ಅಂದ್ಕೊಂಡೆ. ಮೊನ್ನೆ ಗುರುವಾರ ನೀನು ಹೇಳಿದಾಗಲೇ ಹೇಳಬೇಕಿತ್ತು. ನಾಚಿಕೆಯಾಯ್ತು."

ಇಪ್ಪತ್ತೊಂದು ವರ್ಷ! ಆ ದಡಾರ್ ಅನ್ನೋ ಶಬ್ದ ಕಿವಿಯಲ್ಲಿ ಇಲ್ಲದೆ ನಾನು ಒಂದು ದಿನ ಮಲಗಿಲ್ಲ. ಕೋಪ ನೆತ್ತಿಗೇರಿತು. ಅವಳ ಬೆನ್ನಿಗೆ ಎರಡು ಬಿಟ್ಟೆ, ಜೋರಾಗೇ ಬಿಟ್ಟೆ. ಅವಳು ಅಯ್ಯಯ್ಯೋ ಅಂತ ಬೀರುವಿನ ಹಿಂದೆ ಅಡಗಿಕೊಂಡಳು. ಮೂರನೆಯದಕ್ಕೆ ಕೈ ಎತ್ತಿದವಳಿಗೆ ನಗು ಬಂದುಬಿಟ್ಟಿತು, ನಗುವಿನ ಬೆನ್ನಲ್ಲೇ ಅಳು. ಎದುರಿಗೆ ಸಿಕ್ಕ ಬೀರುವಿನ ಎದೆಗೇ ತಲೆಯಿಟ್ಟು, "ಬಿದ್ದಿಲ್ಲವಂತೆ ಕಣೋ, ನನ್ನ ಮಗು ಬಿದ್ದಿಲ್ಲವಂತೆ," ಅಂತ ಅವನಿಗೆ ಹೇಳ್ತಾನೇ ಇದ್ದೆ.